ದೋ ಸೂತಿನ ಬೋಲ್ಟು

ಹಳೆಯ ಕಾರು ಇಟ್ಟುಕೊಂಡವರನ್ನು ಎಂಜಿನ್ ಅಷ್ಟಾಗಿ ಕಾಡುವುದಿಲ್ಲ. ಎಂಜಿನ್ ಕೆಟ್ಟರೆ ಮೆಕ್ಯಾನಿಕ್ ಓಡಿ ಬರುತ್ತಾನೆ, ಗಾಡಿಗೆ ಹಗ್ಗ ಕಟ್ಟಿ ಎಳೆದೊಯ್ಯುತ್ತಾನೆ, ತಿಂಗಳು ಬಿಟ್ಟು ಉದ್ದನೆಯ ಬಿಲ್ಲಿನೊಂದಿಗೆ ಮರಳುತ್ತಾನೆ. ನಮ್ಮ ಪಾಲಿಗೆ ಉಳಿಯುವುದು ದುಡ್ಡೆಣಿಸುವ ಕೆಲಸವೊಂದೇ. ಪ್ರಾಣ ಹಿಂಡುವುದು ಎಂಟಾಣೆ ಸಾಮಾನು. ಒಂದು ಸ್ಪ್ರಿಂಗು, ಎರಡು ವಾಷರು, ಹೆಬ್ಬೆರಳುದ್ದದ ರಬ್ಬರು. ಇವಕ್ಕಾಗಿ ಯಾವ ಮೆಕ್ಯಾನಿಕ್ಕೂ ಮನೆ ಬಾಗಿಲಿಗೆ ಬರುವುದಿಲ್ಲ. ಬಂದರೆ ಎಷ್ಟು ಕೇಳಬೇಕೆಂಬುದೇ ಅವನಿಗೆ ತಿಳಿಯದು. "ಇತ್ತಾಚ್ ನಾ ಸಾಬ್, ಆಪೀಚ್ ಲಗಾ ಲೇವ್" ಎಂದು ಫೋನಿನಲ್ಲೇ ಆಶೀರ್ವದಿಸಿ ಇಟ್ಟುಬಿಡುತ್ತಾನೆ.

ಹೀಗೆ ಆಶೀರ್ವಾದ ಪಡೆದು ಪಾನಾ ಹಿಡಿದವನು ನಾನು. ಊರು ಬೀದರ್, ವಾಸ ಲಿಂಗಂಪಲ್ಲಿ. ಹೈದರಾಬಾದಿನ ಎಂಎಂಟಿಎಸ್ ರೈಲುಗಳಲ್ಲಿ ಬಹುಪಾಲು ಬಂದು ಮುಖ ತಿರುಗಿಸುವುದು ನಮ್ಮಲ್ಲಿ. ಒಂದು ಕಡೆ ಬಿಎಚ್‌ಇಎಲ್, ಇನ್ನೊಂದು ಕಡೆ ಸೆಂಟ್ರಲ್ ಯೂನಿವರ್ಸಿಟಿ, ಜೋರು ಮಳೆ ಬಂದರೆ ನಡುವಿನ ರೈಲ್ವೆ ಅಂಡರ್‌ಪಾಸಿನಲ್ಲಿ ಕೆರೆ. ಸುತ್ತಲೂ ಸಾಫ್ಟ್‌ವೇರಿನವರ ಹೊಸ ಹೊಸ ಗಾಡಿಗಳು. ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡು ಹತ್ತಿರ ಹೋದರೆ ತಾವೇ ಕಣ್ಣು ಮಿಟುಕಿಸಿ ಬಾಗಿಲು ಬಿಡುವಂಥವು. ಅವುಗಳ ನಡುವೆ ನಮ್ಮ ಅಪಾರ್ಟ್‌ಮೆಂಟಿನ ಸೆಲ್ಲಾರಿನಲ್ಲಿ ಒಂದೂಕಾಲು ಕಾರಿನ ಜಾಗ ಹಿಡಿದು ನಿಂತಿರುವುದು ನನ್ನ ಅಂಬಾಸಿಡರ್, ಎಪ್ಪತ್ತರ ದಶಕದ ಕೊನೆಯ ಮಾರ್ಕ್ ತ್ರೀ. ಸರ್ಕಾರಿ ಬಿಳಿ. ಯಾರೋ ಹರಾಜಿನಲ್ಲಿ ಕೊಂಡು, ಅವರಿಂದ ಇನ್ಯಾರೋ ಕೊಂಡು, ಕೊನೆಗೆ ನನ್ನ ಷಡ್ಡಕರ ಮೂಲಕ ನಮ್ಮ ಮನೆ ಸೇರಿತು. ಕೇಂದ್ರ ಸರ್ಕಾರ 2021ರಲ್ಲಿ ಮಾಡಿದ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ ಗಾಡಿಗೆ ಮಾತ್ರ ವಿಂಟೇಜ್ ಪಟ್ಟ, 'ವಿಎ' ಅಕ್ಷರವಿರುವ ಬೇರೆಯೇ ನಂಬರು. ನಮ್ಮದಕ್ಕೆ ಇನ್ನೂ ಆ ಭಾಗ್ಯ ಬಂದಿಲ್ಲ. ಅಲ್ಲಿಯವರೆಗೆ ಕಾನೂನಿನ ಲೆಕ್ಕದಲ್ಲಿ ಅದು ಬರೀ ಹಳೆಯ ಗಾಡಿ, ನಮ್ಮಾಕಿಯ ಲೆಕ್ಕದಲ್ಲಿ ಗುಜರಿ.

ತೊಂದರೆ ಇದ್ದದ್ದು ಬಾನೆಟ್ಟಿನಲ್ಲಿ. ಅಂಬಾಸಿಡರ್ ಬಾನೆಟ್ಟಿನ ಏರ್ಪಾಡು ನೋಡಲು ಸರಳ. ಡ್ಯಾಶ್‌ಬೋರ್ಡಿನ ಕೆಳಗೊಂದು ಹಿಡಿ. ಎಳೆದರೆ ಕೇಬಲ್ಲು ಚಿಲಕವನ್ನು ಸರಿಸುತ್ತದೆ. ಬಾನೆಟ್ಟಿನ ಅಡಿಯಲ್ಲಿ ಜೋತ ಪಿನ್ನು ಬಿಡುಗಡೆಯಾಗುತ್ತದೆ. ಪಿನ್ನಿಗೆ ಸುತ್ತಿಕೊಂಡ ಸ್ಪ್ರಿಂಗು ಬಾನೆಟ್ಟನ್ನು ಎರಡು ಬೆರಳಷ್ಟು ಮೇಲೆ ನೂಕುತ್ತದೆ. ಆ ಸಂದಿನಲ್ಲಿ ಕೈ ತೂರಿಸಿ ಇನ್ನೊಂದು ಕೊಕ್ಕೆ ಬಿಡಿಸಿದರೆ ತಗಡು ಮೇಲೇಳುತ್ತದೆ. ಮೊದಲನೆಯ ಚಿಲಕವನ್ನು ಪೂರ್ತಿ ನಂಬಬೇಡ ಎಂದು ಹೇಳುವುದಕ್ಕೇ ಎರಡನೆಯ ಕೊಕ್ಕೆ ಇರುವುದು. ಓಡುವಾಗ ಎರಡೂ ಕೈಕೊಟ್ಟರೆ ಗಾಳಿ ಬಾನೆಟ್ಟನ್ನು ಎತ್ತಿ ಮುಂದಿನ ಗಾಜಿಗೆ ಬಡಿಯುತ್ತದೆ. ಆಮೇಲೆ ಚಾಲಕನಿಗೆ ಕಾಣುವುದು ರಸ್ತೆಯಲ್ಲ, ಬಿಳಿ ತಗಡು. ನಮ್ಮ ಗಾಡಿಯಲ್ಲಿ ಪಿನ್ನಿನ ಸ್ಪ್ರಿಂಗು ಸೋತಿತ್ತು. ಪಿನ್ನಿನ ಪಟ್ಟಿಯನ್ನು ಹಿಡಿದ ಬೋಲ್ಟುಗಳಲ್ಲಿ ಒಂದು ಎಲ್ಲೋ ದಾರಿಯಲ್ಲೇ ಇಳಿದುಹೋಗಿತ್ತು. ಬಾನೆಟ್ಟಿನ ಅಂಚು ಕೂರುವ ರಬ್ಬರು ಗುಂಡುಗಳು ಒಣಗಿ ಕಲ್ಲಾಗಿದ್ದವು. ಹಾಗಾಗಿ ನಲ್ಲಗಂಡ್ಲದ ಹಂಪುಗಳ ಮೇಲೆ ಗಾಡಿ ಹತ್ತಿಳಿದರೆ ಮುಂದಿನಿಂದ ತಾಳಮದ್ದಲೆ. "ಹಾರ್ನ್ ಯಾಕ್ ಬೇಕ್ರಿ ಈ ಗಾಡಿಗಿ" ಎಂದು ನಮ್ಮಾಕಿ ಕೇಳಿದ್ದು ಆಗಲೇ.

ಸ್ಟೇಷನ್ ಹಾದಿಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಉಳಿದಿದ್ದ ಬೋಲ್ಟೊಂದನ್ನು ಮಾದರಿಗೆ ತೋರಿಸಿದೆ. ಕೌಂಟರಿನ ಹುಡುಗ ನೋಡಿದ ಕೂಡಲೇ "ಸಿಕ್ಸ್ ಎಂಎಂ" ಎಂದು ತೀರ್ಪು ಕೊಟ್ಟು ಒಂದು ಮುಷ್ಟಿ ಸುರಿದ. ಸಿಕ್ಸ್ ಎಂಎಂ ಅಲ್ಲ, ಕಾಲು ಇಂಚು ಎಂದೆ. "ಒಂದೇ ಸಾರ್." ಒಂದೇ ಅಲ್ಲ. ಕಾಲು ಇಂಚು ಎಂದರೆ 6.35 ಮಿಲಿಮೀಟರು. ಆರರ ಬೋಲ್ಟನ್ನು ಕಾಲಿಂಚಿನ ನಟ್ಟಿಗೆ ಹಾಕಿದರೆ ಒಳಗೆ ಲೊಳಲೊಳ. ಅದನ್ನಾದರೂ ಕ್ಷಮಿಸಬಹುದು, ಮೊದಲೇ ಬೇಡವೆಂದು ಹೇಳಿಬಿಡುತ್ತದೆ. ನಿಜವಾದ ಮೋಸಗಾರ ಎಂಟು ಎಂಎಂನದು. ಐದು ಹದಿನಾರಾಂಶ ಇಂಚು ಎಂದರೆ 7.94 ಮಿಲಿಮೀಟರು, ಎಂಟಕ್ಕೆ ಕೂದಲೆಳೆ ಕಡಿಮೆ. ದಪ್ಪ ಸರಿಹೋಯಿತೆಂದು ತಿರುಗಿಸಿದರೆ ಎರಡು ಸುತ್ತು ಸರಾಗವಾಗಿ ಹೋಗುತ್ತದೆ. ಆದರೆ ಥ್ರೆಡ್ಡಿನ ಅಂತರ ಒಂದರದ್ದು ಒಂದೂಕಾಲು ಮಿಲಿಮೀಟರು, ಇನ್ನೊಂದರದ್ದು ಒಂದಕ್ಕಿಂತ ಚೂರೇ ಹೆಚ್ಚು. ಮೂರನೆಯ ಸುತ್ತಿಗೆ ಕಚ್ಚಿಕೊಂಡು ಹಿಂದಕ್ಕೂ ಬಾರದು, ಮುಂದಕ್ಕೂ ಹೋಗದು. ಜಾತಕ ಕೂಡಿ ಮನಸ್ಸು ಕೂಡದ ಸಂಬಂಧಗಳು ನಡೆಯುವುದೂ ಹೀಗೇ.

ಇದರ ಹಿಂದೆ ದೊಡ್ಡ ಚರಿತ್ರೆಯಿದೆ. ಅಂಗಡಿಯ ಹುಡುಗನಿಗೆ ಹೇಳಲು ಹೊರಟಿದ್ದೆ, ಅವನು ಇನ್ನೊಬ್ಬರಿಗೆ ನಲ್ಲಿ ತೋರಿಸಲು ಹೋದ. ಇಂಗ್ಲೆಂಡಿನ ಜೋಸೆಫ್ ವಿಟ್ವರ್ತ್ ಎಂಬಾತ 1841ರಲ್ಲಿ ಬೋಲ್ಟಿನ ಥ್ರೆಡ್ಡು 55 ಡಿಗ್ರಿ ಕೋನದಲ್ಲಿರಬೇಕೆಂದು ಕಟ್ಟಳೆ ಹಾಕಿದ. ಅಮೆರಿಕದವರು 60 ಡಿಗ್ರಿ ಎಂದರು. ಇಷ್ಟು ಸಣ್ಣ ಮಾತಿಗೆ ಎರಡನೆಯ ಮಹಾಯುದ್ಧದಲ್ಲಿ ಒಂದೇ ಪಕ್ಷದ ಎರಡು ಸೈನ್ಯಗಳ ನಟ್ಟು ಬೋಲ್ಟು ಒಂದಕ್ಕೊಂದು ಕೂಡಲಿಲ್ಲ. ಯುದ್ಧ ಗೆದ್ದ ಮೇಲೆ, 1948ರಲ್ಲಿ, ಬ್ರಿಟನ್, ಅಮೆರಿಕ, ಕೆನಡಾ ಮೂವರೂ ಕೂತು 60 ಡಿಗ್ರಿಗೆ ರಾಜಿಯಾದರು. ಇಂಚು ಮಾತ್ರ ಇಂಚೇ ಉಳಿಯಿತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಅಚ್ಚು ಬಂಗಾಳದ ಉತ್ತರಪಾರಾಕ್ಕೆ ಬಂದು, 1958ರ ಹೊತ್ತಿಗೆ ಅಂಬಾಸಿಡರ್ ಎಂಬ ಹೆಸರು ಪಡೆದು ರಸ್ತೆಗಿಳಿದಾಗ ಜೊತೆಗೆ ಬಂದದ್ದು ಈ ಇಂಚಿನ ಬೋಲ್ಟೇ.

ಅತ್ತ ನಮ್ಮ ಸರ್ಕಾರ 1956ರಲ್ಲೇ ತೂಕ ಮತ್ತು ಅಳತೆಗಳ ಕಾಯ್ದೆ ಮಾಡಿ ಇಂಚಿಗೆ ನೋಟೀಸು ಕೊಟ್ಟಾಗಿತ್ತು. 1957ರ ಏಪ್ರಿಲ್ ಒಂದಕ್ಕೆ ಆಣೆ ಹೋಗಿ ನಯಾ ಪೈಸೆ ಬಂತು. 1958ರ ಅಕ್ಟೋಬರಿನಲ್ಲಿ ಸೇರು ಹೋಗಿ ಕಿಲೋ ಬರತೊಡಗಿತು. ಮಂತ್ರಿಗಳು ಸಭೆಗಳಲ್ಲಿ ದಶಮಾಂಶ ಪದ್ಧತಿಯ ಮಹಿಮೆ ಸಾರಿ, ಹೊರಬಂದು, ಕಾಲಿಂಚಿನ ಬೋಲ್ಟುಗಳ ಮೇಲೆ ನಿಂತ ಕಾರಿನಲ್ಲಿ ಕೂತು ಮನೆಗೆ ಹೋಗುತ್ತಿದ್ದರು. ನೋಟೀಸು ಉತ್ತರಪಾರಾದ ತನಕ ಮುಟ್ಟಿರಬಹುದು, ನನ್ನ ಬಾನೆಟ್ಟಿನ ತನಕ ಮುಟ್ಟಿಲ್ಲ.

ಅಷ್ಟಕ್ಕೂ ಯಾರಿಗೆ ಮುಟ್ಟಿದೆ? ಬೆಂಗಳೂರಿನಲ್ಲಿರುವ ಮಗ ಹುಡುಕುತ್ತಿರುವುದು ಮೂವತ್ತು ನಲವತ್ತರ ಸೈಟು, ಅಡಿಯ ಲೆಕ್ಕ. ಇಲ್ಲಿ ತೆಲ್ಲಾಪುರದಲ್ಲಿ ಜಾಗ ಮಾರುವವರದು ಗಜದ ಲೆಕ್ಕ. ಟಿವಿ ಇಂಚಿನಲ್ಲಿ, ಪ್ಯಾಂಟಿನ ಸೊಂಟ ಇಂಚಿನಲ್ಲಿ, ಮದುವೆಗೆ ನಿಂತ ಹುಡುಗನ ಎತ್ತರ ಅಡಿ ಇಂಚುಗಳಲ್ಲಿ. ಇಡೀ ದೇಶದಲ್ಲಿ ಸರ್ಕಾರದ ಮಾತನ್ನು ಶಿರಸಾವಹಿಸಿ ಪಾಲಿಸಿದವನು ಹಾರ್ಡ್‌ವೇರ್ ಅಂಗಡಿಯವನೊಬ್ಬನೇ.

ಪಾನಾದ ಕತೆಯೂ ಇದೇ. ಎದುರು ಮನೆಯ ಸಾಫ್ಟ್‌ವೇರ್ ಹುಡುಗ ಒಳ್ಳೆಯವನು. ನನ್ನ ಪಾಡು ನೋಡಲಾರದೆ ಕೆಂಪು ಪೆಟ್ಟಿಗೆಯೊಂದನ್ನು ತಂದು ತೆರೆದ. ಒಳಗೆ ಫಳಫಳ ಹೊಳೆಯುವ ಸಾಕೆಟ್ಟುಗಳ ಸಾಲು. "ನಲವತ್ತಾರು ಪೀಸ್ ಅಂಕುಲ್" ಎಂದ. ಒಂದನ್ನೂ ಬಳಸಿದ ಗುರುತಿರಲಿಲ್ಲ. ಕಾಲಿಂಚಿನ ಈ ಬೋಲ್ಟಿನ ತಲೆಗೆ ಬೇಕಾದದ್ದು ಏಳು ಹದಿನಾರಾಂಶದ ಪಾನಾ, ಅಂದರೆ 11.11 ಮಿಲಿಮೀಟರು. ಹನ್ನೊಂದರದ್ದು ತಲೆಯ ಮೇಲೇ ಕೂತಿತು, ಇಳಿಯಲಿಲ್ಲ. ಹನ್ನೆರಡರದ್ದು ಇಳಿಯಿತು, ಹಿಡಿಯಲಿಲ್ಲ. ಹಾಗೇ ಒತ್ತಿ ತಿರುಗಿಸಿದರೆ ಬೋಲ್ಟಿನ ಆರು ಮೂಲೆಗಳೂ ಸವೆದು ಗೋಲಿಯಾಗುತ್ತದೆ. ನಲವತ್ತಾರು ಪೀಸು ಪೆಟ್ಟಿಗೆಯೊಳಗೆ ಮರಳಿದವು. ಹುಡುಗ ಸ್ವಲ್ಪ ಹೊತ್ತು ಬಾನೆಟ್ಟನ್ನೇ ನೋಡಿ, "ಇದಕ್ಕೆ ಅಪ್‌ಡೇಟ್ ಏನೂ ಬರೋದಿಲ್ವಾ?" ಎಂದು ಕೇಳಿದ. ತಮಾಷೆಗೆ ಕೇಳಿದ್ದಲ್ಲ.

ಹಾಗಾಗಿ ಕಾರಿನ ಬೋಲ್ಟು ತರಲು ರೈಲು ಹತ್ತಬೇಕಾಯಿತು. ಗಾಡಿಯ ಬಿಡಿಭಾಗಕ್ಕೆ ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಹೇಗೋ ಹೈದರಾಬಾದ್-ಸಿಕಂದರಾಬಾದ್ ಅವಳಿನಗರದವರಿಗೆ ರಾಣಿಗಂಜ್. ಲಿಂಗಂಪಲ್ಲಿಯಲ್ಲಿ ಹತ್ತಿದರೆ ಹಫೀಜ್‌ಪೇಟೆ, ಹೈಟೆಕ್ ಸಿಟಿ, ಭರತ್ ನಗರ, ಬೇಗಂಪೇಟೆ ದಾಟಿ ಜೇಮ್ಸ್ ಸ್ಟ್ರೀಟಿನಲ್ಲಿ ಇಳಿಯುವುದು. ಅಲ್ಲಿಂದ ರಾಣಿಗಂಜ್ ಕಾಲಳತೆ. ಸಿಕಂದರಾಬಾದಿನ ಈ ಓಣಿಗಳಲ್ಲಿ ಬೋಲ್ಟನ್ನು ಬಿಟ್ಟು ಬೇರೇನನ್ನೂ ಮಾರದ ಅಂಗಡಿಗಳಿವೆ. ಅಂಥದೊಂದರಲ್ಲಿ ಗಲ್ಲೆಯ ಹಿಂದೆ ಕೂತಿದ್ದ ಮುದುಕರು ನನ್ನ ಮಾದರಿಯನ್ನು ಕೈಗೆ ತೆಗೆದುಕೊಂಡರು. ಕನ್ನಡಕ ಹಾಕಲಿಲ್ಲ. ಹೆಬ್ಬೆರಳಿನ ಉಗುರನ್ನು ಥ್ರೆಡ್ಡಿನ ಉದ್ದಕ್ಕೆ ಒಮ್ಮೆ ಮೆಲ್ಲಗೆ ಎಳೆದರು. "ದೋ ಸೂತ್. ಬಾರೀಕ್ ಚೂಡಿ" ಎಂದು ಒಳಗೆ ಕೂಗಿದರು.

ಬಾರೀಕ್ ಚೂಡಿ ಎಂದರೆ ಒತ್ತೊತ್ತಾದ ಸಣ್ಣ ಥ್ರೆಡ್ಡು. ಒಂದು ಸೂತ್ ಎಂದರೆ ಇಂಚಿನ ಎಂಟರಲ್ಲೊಂದು ಪಾಲು. ದೋ ಸೂತ್ ಕಾಲಿಂಚು, ಢಾಯಿ ಸೂತ್ ಐದು ಹದಿನಾರಾಂಶ. ಕಾಲಿಂಚಿನಲ್ಲೇ ಹಳೆಯ ವಿಟ್ವರ್ತ್ ಆದರೆ ಇಂಚಿಗೆ 20 ಸುತ್ತು, ಬ್ರಿಟಿಷ್ ಫೈನ್ ಆದರೆ 26, ಅಂಬಾಸಿಡರಿನ ಬೋಲ್ಟಿಗೆ 28. ಇಷ್ಟನ್ನೂ ಅವರ ಉಗುರು ಎಣಿಸಿಬಿಟ್ಟಿತ್ತು. ಒಳಗಿನಿಂದ ಬಂದ ಬೋಲ್ಟಿಗೆ ನನ್ನ ಹಳೆಯ ನಟ್ಟನ್ನು ಹಾಕಿ ಬೆರಳ ತುದಿಯಿಂದ ಒಂದು ತಿರುವು ಕೊಟ್ಟರು. ಅದು ತಾನಾಗಿಯೇ ಗಿರಗಿರನೆ ಬುಡದ ತನಕ ಇಳಿಯಿತು.

"ಗಾಡಿ ಕಹಾಂ ಹೈ?" ಎಂದು ಕೇಳಿದರು. ಮನೆಯಲ್ಲಿದೆ, ನಾನು ರೈಲಿನಲ್ಲಿ ಬಂದೆ ಎಂದೆ.

"ಅಚ್ಛಾ ಕಿಯೇ" ಎಂದರು.

ಬೋಲ್ಟು, ಸ್ಪ್ರಿಂಗ್ ವಾಷರು, ಏಳು ಹದಿನಾರಾಂಶದ ರಿಂಗ್ ಪಾನಾ, ಪಿನ್ನಿಗೊಂದು ಗಟ್ಟಿ ಸ್ಪ್ರಿಂಗು ಎಲ್ಲ ಒಂದೇ ಓಣಿಯಲ್ಲಿ ಸಿಕ್ಕವು. ಚಿಲಕಕ್ಕೆ ಹೊಸ ಕೇಬಲ್ಲನ್ನು ಮಾತ್ರ ಯಾರೂ ಕೊಡಲಿಲ್ಲ. ಸ್ಕೂಟರಿನ ಕ್ಲಚ್ ವೈರು ಹಾಕಿಕೊಳ್ಳಿ, ಸಾಯುವ ತನಕ ಬರುತ್ತದೆ ಎಂದರು. ಯಾರು ಸಾಯುವ ತನಕ ಎಂದು ನಾನು ಕೇಳಲಿಲ್ಲ.

ಮನೆಯಲ್ಲಿ ಕಾರು ರಿಪೇರಿ ಮಾಡುವುದನ್ನು ಏಕಾಂತದ ಹವ್ಯಾಸ ಎಂದು ಪರದೇಶದ ಪತ್ರಿಕೆಗಳಲ್ಲಿ ಬರೆಯುತ್ತಾರೆ. ಗ್ಯಾರೇಜಿನ ಬಾಗಿಲು ಹಾಕಿಕೊಂಡು, ರೇಡಿಯೋ ಹಚ್ಚಿಕೊಂಡು ಅವರು ಮಾಡುತ್ತಾರಂತೆ. ನಮ್ಮ ಸೆಲ್ಲಾರಿನಲ್ಲಿ ಬಾನೆಟ್ಟು ಎತ್ತಿ ಕಂಬಿ ಆನಿಸಿದ್ದೇ ತಡ, ಸಭೆ ಸೇರಿತು. ವಾಕಿಂಗ್ ಮುಗಿಸಿದವರು, ಹಾಲು ತಂದವರು, ಶಾಲೆಯ ಬಸ್ಸಿಗೆ ಕಾಯುವ ಮಕ್ಕಳು. ಮೂರನೇ ಮಹಡಿಯವರು "ಅಮ್ಮೇಸ್ತಾರಾ ಸಾರ್?" ಎಂದರು. ಮಾರುವುದಿಲ್ಲ ಎಂದೆ. ಕೊಳ್ಳುವುದಕ್ಕಲ್ಲ, ಸುಮ್ಮನೆ ಕೇಳಿದೆ ಎಂದರು. ಒಬ್ಬ ಹುಡುಗ ಇದನ್ನು ಬಹಾದೂರ್‌ಪುರದ ಸುಧಾ ಕಾರ್ ಮ್ಯೂಸಿಯಮ್ಮಿಗೆ ಕೊಟ್ಟುಬಿಡಿ ಅಂಕುಲ್ ಎಂದ. ಬರ್ಗರ್, ಕ್ರಿಕೆಟ್ ಚೆಂಡು, ಎತ್ತರ ಹಿಮ್ಮಡಿಯ ಚಪ್ಪಲಿ ಹೀಗೆ ಬೇಕಾದ ಆಕಾರದಲ್ಲೆಲ್ಲ ಕಾರು ಮಾಡಿ ಓಡಿಸುವ ಜಾಗ ಅದು. ಶಾಲೆಯಿಂದ ಕರೆದುಕೊಂಡು ಹೋಗಿದ್ದರಂತೆ. ಇದು ಯಾವ ಆಕಾರದಲ್ಲಿದೆ ಎಂದು ಅಲ್ಲಿಡಬೇಕು ಎಂದು ಕೇಳಿದೆ. ಹುಡುಗ ಗಾಡಿಯನ್ನು ಒಂದು ಸುತ್ತು ಹಾಕಿ ಬಂದು, "ಕಾರಿನ ಆಕಾರದಲ್ಲೇ ಇದೆ" ಎಂದು ಒಪ್ಪಿಕೊಂಡ.

ಕೆಲಸಕ್ಕೆ ಬಂದವನು ವಾಚ್‌ಮನ್ ಒಬ್ಬನೇ. ನಾರಾಯಣಖೇಡದ ಕಡೆಯವನು, ಮನೆಯಲ್ಲಿ ಕನ್ನಡ, ಹೊರಗೆ ತೆಲುಗು, ಬೈಯುವಾಗ ಉರ್ದು. ಅವನ ಊರೂ ನನ್ನ ಊರೂ ನಿಜಾಮರ ಕಾಲದಲ್ಲಿ ಒಂದೇ ಬೀದರ್ ಜಿಲ್ಲೆ. 1956ರ ನವೆಂಬರಿನಲ್ಲಿ ರಾಜ್ಯ ಹಂಚುವಾಗ ಅವನ ಊರು ಮೇದಕ್ಕಿಗೆ ಹೋಯಿತು, ನನ್ನದು ಮೈಸೂರಿಗೆ. ನಾವು ಹಂಚಿಹೋದ ವರ್ಷವೇ ಇಂಚಿಗೂ ನೋಟೀಸು ಬಂದದ್ದು. ಅದನ್ನು ಹೇಳಿದೆ. "ಹೌದ್ರಿ ಸಾರ್, ಮೊದಲ್ ಕೆಳಗ್ ನೋಡ್ರಿ, ವಾಷರ್ ಬೀಳ್ತದ" ಎಂದ.

ಬಿತ್ತು. ಹಳೆಯ ಕಾರಿನ ಮೂತಿಯೊಳಗೆ ವಾಷರು ಬೀಳುವ ಸದ್ದನ್ನು ಕೇಳಲು ಕಿವಿ ಪಳಗಿರಬೇಕು. ಮೊದಲು ರೇಡಿಯೇಟರಿನ ನೆತ್ತಿಯ ಮೇಲೆ ಟಿಣ್. ಆಮೇಲೆ ಜಾಲರಿಗೂ ರೇಡಿಯೇಟರಿಗೂ ನಡುವೆ ಎಲ್ಲೋ ಟಿಣ್ ಟಿಣ್. ಆಮೇಲೆ ನೆಲದ ಮೇಲೆ ಕೊನೆಯದೊಂದು ಟಿಣ್ ಬರಬೇಕು. ಬಂದರೆ ಗೆದ್ದೆವು, ಬಗ್ಗಿ ಹುಡುಕಿದರೆ ಸಿಗುತ್ತದೆ. ಸೆಲ್ಲಾರಿನ ಸಭೆಯೆಲ್ಲ ಉಸಿರು ಹಿಡಿದು ಕಾಯಿತು. ಬರಲಿಲ್ಲ. ಅಂದರೆ ಅದು ಒಳಗೇ, ಯಾವುದೋ ತಗಡಿನ ಮಡಿಕೆಯಲ್ಲಿ ವಾಸಕ್ಕೆ ಕೂತಿದೆ. ವಾಚ್‌ಮನ್ ತನ್ನ ಕೋಣೆಯಿಂದ ಒಡೆದ ಸ್ಪೀಕರಿನ ಅಯಸ್ಕಾಂತವನ್ನು ತಂದು ಹೊಲಿಗೆಯ ದಾರಕ್ಕೆ ಕಟ್ಟಿ ಇಳಿಬಿಟ್ಟ. ಅದು ಹೋದ ದಾರಿಯುದ್ದಕ್ಕೂ ಕಾರಿಗೇ ಅಂಟಿಕೊಳ್ಳುತ್ತಿತ್ತು, ಕಾರು ಪೂರಾ ಕಬ್ಬಿಣವಲ್ಲವೇ. ಕೊನೆಗೆ ಮೇಲೆ ಬಂದಾಗ ಅದರ ತುದಿಯಲ್ಲಿ ಎರಡು ವಾಷರು, ಒಂದು ಸೇಫ್ಟಿ ಪಿನ್ನು, ಹಳೆಯದೊಂದು ನಟ್ಟು ಇದ್ದವು. ಎರಡನೆಯ ವಾಷರು ನನ್ನದಲ್ಲ. ನನಗಿಂತ ಮೊದಲು ಯಾವನೋ ಇದೇ ಜಾಗದಲ್ಲಿ ನಿಂತು ಇದೇ ಟಿಣ್‌ಗೆ ಕಾದಿದ್ದಾನೆ.

ರಬ್ಬರು ಗುಂಡುಗಳು ಚಂದಾನಗರದಲ್ಲಿ ಸಿಕ್ಕವು, ಅದೂ ಸರ್ಜಿಕಲ್ ಸಾಮಾನಿನ ಅಂಗಡಿಯಲ್ಲಿ. ಮುದುಕರ ಊರುಗೋಲಿನ ಬುಡಕ್ಕೆ ಹಾಕುವ ರಬ್ಬರು ಟೋಪಿ ಇರುತ್ತದಲ್ಲ, ಅದನ್ನು ಚಾಕುವಿನಿಂದ ಅಳತೆಗೆ ಕೊಯ್ದರೆ ಬಾನೆಟ್ಟಿಗೆ ಬೇಕಾದ ಎತ್ತರ, ಬೇಕಾದ ಮೆದು. ಅಂಗಡಿಯ ಹೆಣ್ಣುಮಗಳು ಬಹಳ ಮರ್ಯಾದೆಯಿಂದ ವಿಚಾರಿಸಿದಳು.

"ಪೇಶಂಟ್ ವಯಸ್ಸೆಷ್ಟು ಸಾರ್?"

"ಐವತ್ತಕ್ಕೆ ಹತ್ತಿರ."

"ಅಯ್ಯೋ, ಚಿಕ್ಕ ವಯಸ್ಸೇ. ತೂಕ?"

"ಒಂದು ಟನ್ನಿನ ಮೇಲೆ."

ಅವಳು ಮರುಮಾತಾಡದೆ ನಾಲ್ಕು ಟೋಪಿ ಕಟ್ಟಿಕೊಟ್ಟಳು.

ಬಾನೆಟ್ಟಿನ ಎಡಗಡೆ, ದೀಪದ ಮೇಲ್ಭಾಗದಲ್ಲಿ ಕಿರುಬೆರಳು ತೂರುವಷ್ಟು ಒಂದು ತೂತು ಇತ್ತು. ಬಾವುಟದ ಕೋಲು ನಿಲ್ಲಿಸಿದ್ದ ಜಾಗ. ಇದು ಸಿಕ್ಕಿದ್ದರಿಂದ ನಮ್ಮ ಅಪಾರ್ಟ್‌ಮೆಂಟಿನ ಸೆಕ್ರೆಟರಿ ನನ್ನ ಗಾಡಿಯನ್ನು ಬಂದವರಿಗೆಲ್ಲ "ಮಿನಿಸ್ಟರ್ ಕಾರು" ಎಂದು ತೋರಿಸುತ್ತಾರೆ. ಯಾವ ಮಿನಿಸ್ಟರ್ ಎಂಬುದು ಅವರ ಮನಸ್ಸಿನ ಮೇಲೆ, ಒಮ್ಮೊಮ್ಮೆ ಮುಖ್ಯಮಂತ್ರಿಯೂ ಆಗುತ್ತದೆ. 2002ರ ಧ್ವಜ ಸಂಹಿತೆಯನ್ನು ನೋಡಿದರೆ ಮಾತ್ರ ಲೆಕ್ಕ ತಾಳೆಯಾಗುವುದಿಲ್ಲ. ರಾಷ್ಟ್ರಧ್ವಜದ ಕೋಲು ಬಾನೆಟ್ಟಿನ ಮುಂಭಾಗದ ನಡುಮಧ್ಯೆ ಇರಬೇಕು, ಇಲ್ಲವೇ ಕಾರಿನ ಮುಂದೆ ಬಲಗಡೆ. ಎಡಗಡೆ ಹಾರಿಸುವುದು ಸರ್ಕಾರಿ ಕಾರಿನಲ್ಲಿ ವಿದೇಶದ ಗಣ್ಯರು ಹೋಗುವಾಗ ಅವರ ದೇಶದ ಬಾವುಟವನ್ನು. ಆಗ ಬಲಕ್ಕೆ ನಮ್ಮದೂ ಇರಬೇಕಲ್ಲ, ಬಲಗಡೆ ತೂತೇ ಇಲ್ಲ. ಹಾಗಾದರೆ ಉಳಿಯುವುದು ಯಾವುದೋ ಪಕ್ಷದ ಜಿಲ್ಲಾ ಮಟ್ಟದ ಪುಢಾರಿ. ಇದನ್ನು ಸೆಕ್ರೆಟರಿಗೆ ವಿವರಿಸಿದೆ. ಅವರು ಸಮಾಧಾನದಿಂದ ಕೇಳಿಸಿಕೊಂಡರು. ಮರುವಾರದಿಂದ "ಫಾರಿನ್ ಡೆಲಿಗೇಟ್ಸ್ ಕಾರು" ಎಂದು ಹೇಳತೊಡಗಿದರು.

ಯಾರದೇ ಆಗಲಿ, ಮಳೆ ಬಂದರೆ ಆ ತೂತಿನಿಂದ ನೀರು ಒಳಗಿಳಿಯುತ್ತಿತ್ತು. ಚೌಮಹಲ್ಲಾ ಅರಮನೆಯಲ್ಲಿ ನಿಂತಿದೆಯಲ್ಲ, ಆರನೆಯ ನಿಜಾಮರು ತರಿಸಲು ಹೇಳಿ, ಬರುವುದರೊಳಗೆ 1911ರಲ್ಲಿ ತಾವೇ ಹೊರಟುಹೋದ ಆ ಹಳದಿ ರೋಲ್ಸ್ ರಾಯ್ಸ್, ಅಂಥದ್ದಕ್ಕೆ ತೂತು ಮುಚ್ಚಬೇಕಾದರೆ ಲಂಡನ್ನಿಗೆ ಕಾಗದ ಬರೆಯುತ್ತಿದ್ದರೇನೋ. ನಮ್ಮದಕ್ಕೆ ನಮ್ಮಾಕಿಯ ಹೋಮಿಯೋಪತಿ ಸೀಸೆಯ ಬಿರಡೆ ಸರಿಹೋಯಿತು. ಬಿರಡೆ ಹೋದ ಸೀಸೆಯ ಔಷಧವನ್ನು ನಾನೇ ಕುಡಿದು ಮುಗಿಸಬೇಕೆಂಬ ಶರತ್ತಿನ ಮೇಲೆ ಸಿಕ್ಕಿತು. ಯಾವ ಕಾಯಿಲೆಗೆಂದು ಇಬ್ಬರಿಗೂ ನೆನಪಿಲ್ಲ.

ಕೊನೆಯ ಕೆಲಸ ಪಿನ್ನಿನ ಎತ್ತರ ಕೂಡಿಸುವುದು. ಪಿನ್ನಿನ ತುದಿಯಲ್ಲಿ ಸ್ಕ್ರೂಡ್ರೈವರ್ ಕೂರುವ ಗೀರು ಇದೆ, ಮೇಲೊಂದು ಲಾಕ್ ನಟ್ಟು. ನಟ್ಟು ಸಡಿಲಿಸಿ ಪಿನ್ನನ್ನು ಅರ್ಧ ಸುತ್ತು ಒಳಗೆ ಕೊಟ್ಟರೆ ಬಾನೆಟ್ಟು ಬಿಗಿ, ಹೊರಗೆ ತಂದರೆ ಸಡಿಲ. ಅತಿ ಬಿಗಿಯಾದರೆ ಚಿಲಕ ಬೀಳದು, ಸಡಿಲಾದರೆ ಮತ್ತೆ ತಾಳಮದ್ದಲೆ. ಕೈಯಿಂದ ಒತ್ತಿ ಮುಚ್ಚಬಾರದು, ತಗಡಿಗೆ ತಗ್ಗು ಬೀಳುತ್ತದೆ. ಗೇಣೆರಡು ಗೇಣು ಎತ್ತರದಿಂದ ಕೈಬಿಟ್ಟುಬಿಡಬೇಕು. ಕೈಬಿಟ್ಟೆ. ಧಪ್ ಎಂದು ಒಂದೇ ಸದ್ದು ಬಂತು, ಹಿಂದೆಮುಂದೆ ಏನೂ ಇಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು. ಎಳೆದಾಗ ತೆರೆದುಕೊಳ್ಳಲಿ ನೋಡೋಣ ಎಂದರು ಮೂರನೇ ಮಹಡಿಯವರು. ತೆರೆದುಕೊಂಡಿತು. ಅವರಿಗೆ ತುಸು ಬೇಸರವಾಯಿತು.

ಸುದ್ದಿ ಹೇಗೆ ಹರಡಿತೋ, ವಾರದೊಳಗೆ ಕ್ಯಾಮೆರಾ ನೇತು ಹಾಕಿಕೊಂಡ ಯುವಕನೊಬ್ಬ ಮದುವೆ ಗೊತ್ತಾದ ಜೋಡಿಯನ್ನು ಕರೆದುಕೊಂಡು ಬಂದ. ಪ್ರೀ ವೆಡ್ಡಿಂಗ್ ಶೂಟಿಗೆ ಹಳೆಯ ಕಾರೇ ಬೇಕಂತೆ. ಓಡಿಸುವುದೇನೂ ಬೇಡ ಸಾರ್, ಇಬ್ಬರೂ ಬಾನೆಟ್ಟಿನ ಮೇಲೆ ಕೂತರೆ ಸಾಕು ಎಂದ. ನನ್ನ ಎದೆ ಧಸಕ್ಕೆಂದಿತು. ಅಲ್ಲಿ ಬಿಟ್ಟು ಎಲ್ಲಿ ಬೇಕಾದರೂ ಕೂರಲಿ, ಡಿಕ್ಕಿಯ ಮೇಲೆ ಕೂರಲಿ, ನನ್ನ ಸೋಫಾದ ಮೇಲೆ ಕೂರಲಿ ಎಂದೆ. ನಮ್ಮಾಕಿ ನಡುವೆ ಬಂದು, "ಕೂಡ್ಲಿ ಬಿಡ್ರಿ, ಆ ಹುಡುಗಿ ಭಾರ ಎಷ್ಟಿದ್ದೀತು" ಎಂದಳು. ಪ್ರಶ್ನೆ ಹುಡುಗಿಯದಲ್ಲ, ಹುಡುಗ ಬಿರಿಯಾನಿ ತಿಂದು ಬೆಳೆದವನು.

ಕೊನೆಗೆ ಒಪ್ಪಂದವಾಯಿತು. ಬಾನೆಟ್ಟು ಎತ್ತಿರಬೇಕು. ಹುಡುಗ ತೋಳು ಮಡಿಚಿ ಒಳಗೆ ಬಗ್ಗಿ ರಿಪೇರಿ ಮಾಡುವವನ ಪೋಸು ಕೊಡಬೇಕು. ಹುಡುಗಿ ಪಕ್ಕದಲ್ಲಿ ನಿಂತು ಪ್ರೇಮದಿಂದ ನೋಡಬೇಕು. ಕೈಗೊಂದು ಸ್ಪ್ಯಾನರ್ ಬೇಕಿತ್ತು ಎಂದರು, ಏಳು ಹದಿನಾರಾಂಶದ್ದೇ ಕೊಟ್ಟೆ. ಫೋಟೋದವನು ಆ ಕಡೆಯಿಂದ, ಈ ಕಡೆಯಿಂದ, ನೆಲದ ಮೇಲೆ ಮಲಗಿ ತೆಗೆದ. ಬೆಳಕು ಸರಿಯಿಲ್ಲವೆಂದು ಮತ್ತೆ ಮೊದಲಿಂದ ತೆಗೆದ. ಅಷ್ಟರಲ್ಲಿ ಹುಡುಗನಿಗೆ ನಿಜವಾಗಿಯೇ ಆಸಕ್ತಿ ಹುಟ್ಟಿ, ಇದೇನು ಅಂಕುಲ್, ಅದೇನು ಎಂದು ಕೇಳತೊಡಗಿದ. ನಾನು ಪಿನ್ನು, ಲಾಕ್ ನಟ್ಟು, ಇಂಚಿಗೆ ಇಪ್ಪತ್ತೆಂಟು ಸುತ್ತು ಎಂದು ವಿಟ್ವರ್ತಿನಿಂದ ಶುರುಮಾಡಿದೆ. ಹುಡುಗಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಕಟ್ಟಿ, ಗೋಡೆಗೊರಗಿ ಮುಖ ಗಂಟಿಕ್ಕಿಕೊಂಡು ನಿಂತಳು.

ನಮ್ಮಾಕಿ ಮೆಟ್ಟಿಲ ಮೇಲಿಂದ ಫೋಟೋದವನಿಗೆ ಕೂಗಿ ಹೇಳಿದಳು: "ಈಗ ತೆಗೀರಿ. ಈಗ ಬರೋಬ್ಬರಿ ಗಂಡ ಹೆಂಡ್ತಿ ಕಂಡ್ಹಂಗ್ ಕಾಣ್ಲತ್ತಾರ."